ಲೀಲಾವತಿಯವರ ಅಭಿನಯಕಲೆ

ಬೆಂಗಳೂರಿನಿಂದ ತುಮಕೂರಿನ ಹೆದ್ದಾರಿಯನ್ನು ಹಿಡಿದು, ಪೀಣ್ಯದ ಕಾರ್ಖಾನೆಗಳ ಸಾಲನ್ನು ದಾಟಿ, ನೆಲಮಂಗಲದ ಕಡೆಗೆ ಸಾಗಿದವರಿಗೆ ಸೋಲದೇವನಹಳ್ಳಿಯ ಹೆಸರು ಅಪರಿಚಿತವಲ್ಲ. ಯಂತ್ರಗಳ ಸದ್ದು ಹಿಂದಾಗಿ ತೋಟಗಳ ಹಸುರು ಕಾಣಿಸಿಕೊಳ್ಳುವ ಆ ಎಡೆಯಲ್ಲಿ ನಟಿ ಲೀಲಾವತಿಯವರು ತಮ್ಮ ಬಾಳಿನ ಕಡೆಯ ದಶಕಗಳನ್ನು ಕಳೆದರು. 2023ರ ಡಿಸೆಂಬರ್ 8ರಂದು ಅವರು ತೀರಿಕೊಂಡ ಮೇಲೆ ಅವರ ದೇಹವು ಮಣ್ಣಾದುದೂ ಅಲ್ಲಿಯ ತೋಟದಲ್ಲಿಯೇ. ಆ ದಿನಗಳಲ್ಲಿ ನಾಡಿನ ಜನ ಆಡಿದ ಮಾತೆಲ್ಲವೂ ‘ಅಮ್ಮ’ ಎಂಬ ಒಂದೇ ನುಡಿಯ ಸುತ್ತ ಸುಳಿಯಿತು. ಗೌರವದ ನುಡಿಯೆಂಬುದು ನಿಜ. ಆದರೆ ಆ ಒಂದು ನುಡಿಯ ಮರೆಯಲ್ಲಿ ಕಲಾವಿದೆಯೊಬ್ಬರ ಅರುವತ್ತು ವರ್ಷಗಳ ದುಡಿಮೆಯು ಅಳತೆಗೆ ಸಿಕ್ಕದೆ ಉಳಿದುಹೋಗುವುದಾದರೆ ಅದು ಕಲೆಗೂ ಕಲಾವಿದೆಗೂ ನ್ಯಾಯವಾಗಲಾರದು.

ಕನ್ನಡದಲ್ಲಿ ನಟಿಯರನ್ನು ಕುರಿತು ನಡೆಯುವ ಮಾತು ಬಹುಮಟ್ಟಿಗೆ ಎರಡು ಬಗೆಯದು. ಒಂದು, ಅವರ ಸಂಸಾರದ ಒಳಮಾತು. ಎರಡನೆಯದು, ಶ್ರದ್ಧಾಂಜಲಿಯ ಹೊಗಳಿಕೆ. ಲೀಲಾವತಿಯವರ ವಿಷಯದಲ್ಲಿ ಮೊದಲನೆಯದು ಅವರು ಬದುಕಿರುವವರೆಗೂ ಬಿಡದೆ ನಡೆಯಿತು. ಎರಡನೆಯದು ಅವರು ಹೋದ ಮೇಲೆ ಹೊಳೆಯಾಗಿ ಹರಿಯಿತು. ಇವೆರಡರ ನಡುವೆ ಇರಬೇಕಾದ ಮೂರನೆಯ ಮಾತು, ಎಂದರೆ ಅಭಿನಯದ ವಿಚಾರ, ಎಲ್ಲಿಯೋ ಒಂದೆಡೆ ಹನಿಯಾಗಿ ಬಿದ್ದುದುಂಟು. ಕವಿಯೊಬ್ಬನು ತೀರಿಕೊಂಡರೆ ಅವನ ಕಾವ್ಯವನ್ನು ಬಿಚ್ಚಿ ಓದುವ ನಾಡು, ನಟಿಯೊಬ್ಬಳು ತೀರಿಕೊಂಡರೆ ಅವಳ ಪಾತ್ರಗಳನ್ನು ಬಿಚ್ಚಿ ನೋಡಬೇಕಲ್ಲವೆ?

ಲೀಲಾವತಿಯವರನ್ನು ಅಳೆಯುವ ಮುನ್ನ ಅವರು ಯಾವ ಮನೆಯಿಂದ ಬಂದವರೆಂಬುದನ್ನು ನೆನೆಯಬೇಕು. ಆ ಮನೆ ಕನ್ನಡದ ವೃತ್ತಿ ರಂಗಭೂಮಿ. ಕನ್ನಡದ ವಾಕ್ಚಿತ್ರವು ಹುಟ್ಟಿದುದೇ ನಾಟಕ ಕಂಪನಿಗಳ ಮಡಿಲಿನಲ್ಲಿ. 1934ರಲ್ಲಿ ತೆರೆಕಂಡ ‘ಸತಿ ಸುಲೋಚನ’ದಲ್ಲಿ ಇಂದ್ರಜಿತುವಾದ ಎಂ. ವಿ. ಸುಬ್ಬಯ್ಯನಾಯಿಡು ಅವರೂ ರಾವಣನಾದ ಆರ್. ನಾಗೇಂದ್ರರಾಯರೂ ಸುಲೋಚನೆಯಾದ ತ್ರಿಪುರಾಂಬ ಅವರೂ ಆ ಹೊಸ ಕಲೆಗೆ ಮೊದಲ ಮುಖಗಳಾದರು. ಬೆಂಗಳೂರು ಗ್ರಾಮಾಂತರ ಸೀಮೆಯಲ್ಲಿಯೇ ಹುಟ್ಟಿದ ಎಂ. ವಿ. ರಾಜಮ್ಮನವರು ರಂಗದ ಮೇಲೆ ಪಳಗಿ, ಇನ್ನೂ ಎಳೆಯ ವಯಸ್ಸಿನಲ್ಲಿ, 1936ರ ‘ಸಂಸಾರ ನೌಕೆ’ಯ ನಾಯಕಿಯಾದರು, 1943ರಲ್ಲಿ ‘ರಾಧಾರಮಣ’ವನ್ನು ತಾವೇ ನಿರ್ಮಿಸಿದರು. ಸ್ತ್ರೀ ಪಾತ್ರಗಳನ್ನು ಗಂಡಸರೇ ಕಟ್ಟುತ್ತಿದ್ದ ಕಾಲವು ಆಗ ತೀರ ಹಿಂದಕ್ಕೆ ಸರಿದಿರಲಿಲ್ಲ. ಬಣ್ಣ ಹಚ್ಚಿದ ಹೆಣ್ಣನ್ನು ಸಮಾಜವು ಚಪ್ಪಾಳೆಯಿಂದ ಕರೆದು, ಮನೆಯ ಹೊಸ್ತಿಲಲ್ಲಿ ನಿಲ್ಲಿಸುತ್ತಿದ್ದ ಕಾಲವದು. ಈ ಹಾದಿಯಲ್ಲಿ ಮುಂದೆ ನಡೆದುಬಂದವರು ಲೀಲಾವತಿ.

1937ರ ಡಿಸೆಂಬರಿನಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿಯಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡರು. ಶಾಲೆಯ ಓದು ಹೆಚ್ಚು ನಡೆಯಲಿಲ್ಲ. ತುಳು ಮಾತಿನ ಸೀಮೆಯಿಂದ ಮೈಸೂರಿಗೆ ಬಂದ ಆ ಹುಡುಗಿಗೆ ನಾಟಕ ಕಂಪನಿಯೇ ಪಾಠಶಾಲೆಯಾಯಿತು. 1949ರ ‘ನಾಗಕನ್ನಿಕೆ’ಯಲ್ಲಿ ಸಣ್ಣದೊಂದು ಪಾತ್ರ, ಅನಂತರ ವರ್ಷಗಟ್ಟಲೆ ರಂಗದ ಮೇಲೂ ತೆರೆಯ ಮೇಲೂ ಇಂಥವೇ ಕಿರುಪಾತ್ರಗಳು, ಸುಬ್ಬಯ್ಯನಾಯಿಡು ಅವರ ‘ಭಕ್ತ ಪ್ರಹ್ಲಾದ’ದಲ್ಲಿ (1958) ಸಖಿಯ ವೇಷ. ಅದೇ ವರ್ಷದ ‘ಮಾಂಗಲ್ಯ ಯೋಗ’ದಲ್ಲಿ ನಾಯಕಿಯ ಸ್ಥಾನ ದೊರೆಯಿತು. ಎರಡು ವರ್ಷಗಳ ಮೇಲೆ, 1960ರ ‘ರಾಣಿ ಹೊನ್ನಮ್ಮ’ದಲ್ಲಿ ರಾಜ್‌ಕುಮಾರ್ ಅವರೊಡನೆ ಅಭಿನಯಿಸಿದಾಗ ಅವರ ಹೆಸರು ನಾಡಿನಲ್ಲೆಲ್ಲ ಹರಡಿತು. ಆಗ ಅವರಿಗೆ ಇಪ್ಪತ್ಮೂರು ತುಂಬಿರಲಿಲ್ಲ.

ಸಖಿಯ ಪಾತ್ರವೆಂದರೆ ಸಾಮಾನ್ಯರು ಲೆಕ್ಕಕ್ಕೆ ಹಿಡಿಯರು. ಆದರೆ ಅಭಿನಯವನ್ನು ಕಲಿಯುವವರಿಗೆ ಅದಕ್ಕಿಂತ ಕಠಿಣವಾದ ಗುರು ಮತ್ತೊಬ್ಬನಿಲ್ಲ. ನಾಯಕಿಗೆ ಮಾತುಂಟು, ಹಾಡುಂಟು, ಕಂಬನಿಯುಂಟು. ಸಖಿಗೆ ಇರುವುದು ಕೇಳುವ ಕೆಲಸವೊಂದೇ. ಇನ್ನೊಬ್ಬರು ಮಾತಾಡುತ್ತಿರುವಾಗ ರಂಗದ ಮೇಲೆ ಹೇಗೆ ನಿಲ್ಲಬೇಕು, ಕಣ್ಣನ್ನು ಎಲ್ಲಿ ನೆಡಬೇಕು, ಕೈಯನ್ನು ಹೇಗೆ ಸುಮ್ಮನಿರಿಸಬೇಕು ಎಂಬುದನ್ನು ಅರಿಯದ ಸಖಿಯು ಇಡೀ ದೃಶ್ಯವನ್ನು ಕೆಡಿಸಬಲ್ಲಳು. ಲೀಲಾವತಿಯವರ ಅಭಿನಯದ ಜೀವಾಳವೆಂದರೆ ಈ ಕೇಳುವ ಕಲೆ. ನಾಯಕಿಯಾದ ಮೇಲೂ, ತಾಯಿಯಾದ ಮೇಲೂ ಅವರು ಎದುರಿನ ಪಾತ್ರದ ಮಾತನ್ನು ನಿಜವಾಗಿಯೂ ಕೇಳುತ್ತಾರೆ. ಕೇಳಿದುದು ಮೊದಲು ಅವರ ಮುಖದ ಮೇಲೆ ಮೂಡಿ, ಆಮೇಲೆ ಮಾತಾಗುತ್ತದೆ. ತನ್ನ ಸರದಿಗಾಗಿ ಕಾಯುತ್ತ ನಿಂತ ನಟಿಗೂ ಎದುರಿನವರ ಮಾತಿಗೆ ಮನಸೋತು ನಿಂತ ನಟಿಗೂ ಇರುವ ಅಂತರವನ್ನು ಪ್ರೇಕ್ಷಕನು ಹೆಸರಿಟ್ಟು ಹೇಳಲಾರನಾದರೂ ಬಲ್ಲನು.

1960ರಿಂದ ಮುಂದಿನ ನಾಲ್ಕೈದು ವರ್ಷಗಳು ಅವರ ನಾಯಕಿಯ ಕಾಲ. ‘ರಣಧೀರ ಕಂಠೀರವ’ (1960), ಕಣ್ಣಿಲ್ಲದ ಗಾಯಕನ ಕಥೆಯಾದ ‘ಕಣ್ತೆರೆದು ನೋಡು’ (1961), ಕೃಷ್ಣಮೂರ್ತಿ ಪುರಾಣಿಕರ ‘ಧರ್ಮದೇವತೆ’ ಕಾದಂಬರಿಯನ್ನು ಆಧರಿಸಿದ ‘ಕರುಣೆಯೇ ಕುಟುಂಬದ ಕಣ್ಣು’ (1962), ‘ಕುಲವಧು’, ‘ವೀರಕೇಸರಿ’, ‘ಮನ ಮೆಚ್ಚಿದ ಮಡದಿ’ (ಮೂರೂ 1963) ಮೊದಲಾದ ಚಿತ್ರಗಳು ಒಂದರ ಮೇಲೊಂದು ಬಂದವು. ಈ ಹೆಸರುಗಳನ್ನು ಒಮ್ಮೆ ಸಾಲಾಗಿ ಓದಿದರೆ ಆ ಕಾಲವು ಎಳೆಯ ನಟಿಯಿಂದ ಏನನ್ನು ಬಯಸಿತ್ತೆಂಬುದು ತಿಳಿದೀತು: ಕುಟುಂಬ, ಕುಲವಧು, ಮಡದಿ. ಅಲ್ಲಿನ ನಾಯಕಿಗೆ ಒಳಗುದಿಯುಂಟು, ನಿರ್ಧಾರವಿಲ್ಲ, ಸಹನೆಯುಂಟು, ಸ್ವಭಾವವಿಲ್ಲ. ಕಥೆಯು ನಡೆಯುವುದು ಅವಳ ಮೇಲೆ, ಅವಳಿಂದಲ್ಲ. ಇಂತಹ ಪಾತ್ರಗಳಲ್ಲಿ ಎಷ್ಟು ದೊಡ್ಡ ನಟಿಯೂ ಒಂದೇ ರಾಗವನ್ನು ಮತ್ತೆ ಮತ್ತೆ ನುಡಿಸಬೇಕಾಗುತ್ತದೆ.

ಹಾಗೆ ನುಡಿಸುವಲ್ಲಿ ಲೀಲಾವತಿಯವರೂ ಕೆಲವೆಡೆ ಎಡವಿದರೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಕಂಪನಿ ನಾಟಕದ ವಾಚಿಕವು ಸಾವಿರ ಜನರ ಚಪ್ಪರದ ಕಡೆಯ ಸಾಲಿಗೆ ಮುಟ್ಟಬೇಕಾದ ವಾಚಿಕ. ಅದರ ಏರಿಳಿತವು ತೆರೆಯ ಹತ್ತಿರದ ಚಿತ್ರಣದಲ್ಲಿ ಕೆಲವೊಮ್ಮೆ ಅತಿಯಾಗಿ ಕೇಳುತ್ತದೆ. ಶೋಕದ ಎಡೆಯಲ್ಲಿ ಧ್ವನಿಯು ನಡುಗುವುದು, ಮಾತಿನ ಕೊನೆಯು ರಾಗವಾಗಿ ಎಳೆಯುವುದು ಆ ವರ್ಷಗಳ ಚಿತ್ರಗಳಲ್ಲಿ ಸಾಮಾನ್ಯ. ದೋಷವು ಅವರೊಬ್ಬರದಲ್ಲ, ಆ ಕಾಲದ್ದು. ಆದರೂ ದೋಷವು ದೋಷವೇ. ಗುಣವನ್ನು ಹೇಳುವುದಾದರೆ, ಅದೇ ಕಂಪನಿಯ ಶಿಕ್ಷಣದಿಂದ ಬಂದ ಸ್ಪಷ್ಟವಾದ ಉಚ್ಚಾರಣೆಯನ್ನು ಮೊದಲು ಹೇಳಬೇಕು. ತುಳು ಮಾತಿನ ಸೀಮೆಯಲ್ಲಿ ಬೆಳೆದ ಈ ನಟಿಯ ಬಾಯಲ್ಲಿ ಹಳೆಯ ಮೈಸೂರಿನ ಕನ್ನಡವು ಒಂದು ಒತ್ತೂ ಜಾರದಂತೆ ನಿಂತಿತು. ‘ಕುಲವಧು’ವಿನಲ್ಲಿ ಬೇಂದ್ರೆಯವರ ‘ಯುಗಾದಿ’ ಕವಿತೆಯನ್ನು ಹಾಡುವ ಪ್ರಸಂಗವನ್ನು ನೋಡಿದವರಿಗೆ ಇನ್ನೊಂದು ಗುಣವೂ ಗೋಚರವಾಗಿರಬೇಕು. ಕಂಠವು ಎಸ್. ಜಾನಕಿಯವರದು, ಆದರೂ ಹಾಡು ತೆರೆಯ ಮೇಲಿನ ಮುಖಕ್ಕೇ ಸೇರಿದುದೆಂದು ತೋರುತ್ತದೆ. ತುಟಿಯ ಚಲನೆಯನ್ನು ಹೊಂದಿಸುವುದು ಯಾರಿಗಾದರೂ ಸಾಧ್ಯ. ಕವಿತೆಯ ಅರ್ಥದೊಡನೆ ಕಣ್ಣನ್ನು ಹೊಂದಿಸುವುದು ಎಲ್ಲರಿಗೂ ಸಾಧ್ಯವಲ್ಲ.

ಹೀಗಿರಲು, ಮುಂದಿನ ವರ್ಷಗಳಲ್ಲಿ ಅವರ ಬಾಳಿನಲ್ಲಿ ನಡೆದ ತಿರುವು ವಿಚಾರಾರ್ಹವಾದುದು. 1969ರಲ್ಲಿ ಪುಟ್ಟಣ್ಣ ಕಣಗಾಲರು ಎಂ. ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ಯನ್ನು ತೆರೆಗೆ ತಂದರು. ನಾಯಕಿ ಚಂದ್ರಾ ಆಗಿ ಕಲ್ಪನಾ ಬಂದರು; ಅವಳ ತಾಯಿ ಅಪರ್ಣೆಯಾಗಿ ಲೀಲಾವತಿ ಬಂದರು. ಕಲ್ಪನಾ ಹುಟ್ಟಿದುದು 1943ರ ಜುಲೈನಲ್ಲಿ. ತಾಯಿಗೂ ಮಗಳಿಗೂ ನಡುವೆ ಆರು ವರ್ಷಗಳ ಅಂತರವೂ ಇರಲಿಲ್ಲ! ಮೂವತ್ತೆರಡನೆಯ ವಯಸ್ಸಿಗೆ ಕನ್ನಡ ಚಿತ್ರರಂಗವು ಲೀಲಾವತಿಯವರ ತಲೆಗೆ ನರೆಯ ಬಣ್ಣವನ್ನು ಹಚ್ಚಲು ತೊಡಗಿತ್ತು.

ಆದರೆ ಆ ಪಾತ್ರದಲ್ಲಿ ಅವರು ಮಾಡಿದ ಕೆಲಸವನ್ನು ನೋಡಿದರೆ, ನಾಯಕಿಯ ವರ್ಷಗಳಲ್ಲಿ ಅವರಿಗೆ ಏನು ದೊರೆತಿರಲಿಲ್ಲವೆಂಬುದು ಅರಿವಾಗುತ್ತದೆ. ಅಪರ್ಣೆಯು ತಾನು ಬಿದ್ದ ಕೆಸರಿನಿಂದ ಮಗಳನ್ನು ಮೇಲೆತ್ತಿ, ಗೃಹಸ್ಥರ ಬೀದಿಯಲ್ಲಿ ಗೌರವದ ಬಾಳನ್ನು ಕೊಡಬೇಕೆಂದು ಹಂಬಲಿಸುವವಳು. ಅವಳಲ್ಲಿ ಆಸೆಯೂ ಇದೆ, ಅಂಜಿಕೆಯೂ ಇದೆ. ನೆರೆಯವರ ಮುಂದೆ ತಲೆಯೆತ್ತುವಾಗಲೇ ತಲೆ ತಗ್ಗುವ ಸಂಕೋಚವೂ ಇದೆ. ಲೀಲಾವತಿಯವರು ಈ ಮೂರನ್ನೂ ಒಂದೇ ನಿಲುವಿನಲ್ಲಿ ಹಿಡಿದಿದ್ದಾರೆ. ಹಿಂದಿನ ಚಿತ್ರಗಳ ಧ್ವನಿಯ ನಡುಕ ಇಲ್ಲಿ ಹಿಂದೆ ಸರಿದಿದೆ, ಮಾತು ತಗ್ಗಿದೆ, ಹೇಳದೆ ನುಂಗಿದ ಮಾತಿಗೆ ಹೇಳಿದ ಮಾತಿಗಿಂತ ಹೆಚ್ಚು ಬೆಲೆ ಬಂದಿದೆ. ಆಲಂಕಾರಿಕರು ಸಾತ್ವಿಕವೆಂದು ಕರೆದ ಅಭಿನಯವು ಇದೇ. ಚಂದ್ರಾಳ ಪಾತ್ರವು ಆ ಚಿತ್ರದ ಜ್ವಾಲೆಯಾದರೆ, ಅಪರ್ಣೆಯ ಪಾತ್ರವು ಅದನ್ನು ಹೊತ್ತಿಸಿ, ಉರಿಯುವುದನ್ನು ನೋಡಬೇಕಾದ ಕೈ. ಕಲ್ಪನಾ ಅವರ ಕೀರ್ತಿಗೆ ಅಡ್ಡಬಾರದೆ ಆ ಕೀರ್ತಿಗೆ ನೆಲೆಯಾದುದರಲ್ಲಿ ಹಳೆಯ ಸಖಿಯ ಶಿಕ್ಷಣವನ್ನು ಕಾಣಬಹುದು.

ಇಲ್ಲಿಂದ ಮುಂದಿನ ಎರಡು ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. 1974ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ ‘ಭಕ್ತ ಕುಂಬಾರ’ದಲ್ಲಿ ಲೀಲಾವತಿಯವರು ಗೋರನಾದ ರಾಜ್‌ಕುಮಾರ್ ಅವರ ಹೆಂಡತಿ. 1976ರ ‘ನಾ ನಿನ್ನ ಮರೆಯಲಾರೆ’ಯಲ್ಲಿ ಅದೇ ರಾಜ್‌ಕುಮಾರ್ ಅವರ ತಾಯಿ. ರಾಜ್‌ಕುಮಾರ್ ಹುಟ್ಟಿದುದು 1929ರ ಏಪ್ರಿಲಿನಲ್ಲಿ. ಮಗನು ತಾಯಿಗಿಂತ ಎಂಟು ವರ್ಷಕ್ಕೂ ಹಿರಿಯ. ಆ ಚಿತ್ರದ ನಾಯಕಿ ಲಕ್ಷ್ಮಿ ಹುಟ್ಟಿದುದು 1952ರಲ್ಲಿ. ಎರಡು ವರ್ಷಗಳಲ್ಲಿ ಹೆಂಡತಿಯನ್ನು ತಾಯಿಯಾಗಿಸಿದ ಈ ಗಣಿತವು ಯಾವ ಪುರಾಣದಲ್ಲಿಯೂ ಇಲ್ಲ. ಒಬ್ಬ ನಟಿಯ ಪಾಲಿಗೆ ಮಾತ್ರ ಹೀಗಾಯಿತೆಂದೂ ಹೇಳುವಂತಿಲ್ಲ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಅವರಿಗೆ ನಾಯಕಿಯಾಗಿದ್ದ ಪಂಢರಿಬಾಯಿಯವರು 1986ರ ‘ಅನುರಾಗ ಅರಳಿತು’ವಿನಲ್ಲಿ ಅವರ ತಾಯಿಯಾದರು. ಇದರಲ್ಲಿ ನಾಯಕನಟರ ತಪ್ಪನ್ನು ಹುಡುಕುವುದು ವ್ಯರ್ಥ. ತಪ್ಪು ಆ ವ್ಯವಸ್ಥೆಯದು, ಅದನ್ನು ಮರುಮಾತಿಲ್ಲದೆ ಒಪ್ಪಿದ ಪ್ರೇಕ್ಷಕರದು. ಗಂಡಿಗೆ ವಯಸ್ಸು ಏರಿದರೆ ತೇಜಸ್ಸು. ಹೆಣ್ಣಿಗೆ ಏರಿದರೆ ನರೆ ಎಂಬ ಹಳೆಯ ಲೆಕ್ಕವೇ ತೆರೆಯ ಮೇಲೂ ನಡೆಯಿತು.

‘ಭಕ್ತ ಕುಂಬಾರ’ದ ಪಾತ್ರವು ಈ ನಟಿಯ ಶಕ್ತಿಗೆ ಒಳ್ಳೆಯ ನಿದರ್ಶನ. ಗೋರನು ವಿಠ್ಠಲನ ಧ್ಯಾನದಲ್ಲಿ ಮೈಮರೆತು ಮಣ್ಣನ್ನು ತುಳಿಯುತ್ತಾನೆ. ಅಂಬೆಗಾಲಿಡುತ್ತ ಬಂದ ಮಗು ಆ ಮಣ್ಣಿನಲ್ಲಿ ಸೇರಿಹೋಗುತ್ತದೆ. ಭಕ್ತಿಚಿತ್ರವು ಕೊನೆಗೆ ಭಕ್ತನನ್ನೇ ಗೆಲ್ಲಿಸಬೇಕು. ನೋಡುವವರಿಗೆ ಅದು ಮೊದಲೇ ಗೊತ್ತು. ಆದರೆ ಆ ಗಳಿಗೆಯಲ್ಲಿ ಲೋಕದ ಪರವಾಗಿ ಮಾತನಾಡಬೇಕಾದವಳು ತಾಯಿಯೊಬ್ಬಳೇ. ಅವಳ ಕೋಪವು ಸುಳ್ಳೆನಿಸಿದರೆ ಕಥೆಯು ಬರಿಯ ಪವಾಡವಾಗುತ್ತದೆ. ಅವಳ ಕೋಪವು ಅತಿಯಾದರೆ ಭಕ್ತಿಯು ಕ್ರೌರ್ಯವಾಗಿ ಕಾಣುತ್ತದೆ. ಲೀಲಾವತಿಯವರು ಈ ಕತ್ತಿಯಂಚಿನ ಮೇಲೆ ಜಾರದೆ ನಡೆದಿದ್ದಾರೆ. ಗಂಡನ ಮೇಲೂ ದೇವರ ಮೇಲೂ ಅವಳು ತೋರುವ ಸಿಟ್ಟು ನ್ಯಾಯವಾದುದೆಂದು ಪ್ರೇಕ್ಷಕನು ಒಪ್ಪುತ್ತಾನೆ. ಒಪ್ಪಿದ ಮೇಲೆ ಗೋರನ ಭಕ್ತಿಯನ್ನು ನೋಡಿ ಬೆರಗಾಗುತ್ತಾನೆ. ಸಂತನನ್ನು ದೊಡ್ಡವನನ್ನಾಗಿ ಮಾಡಿದುದು ಅವನ ಹಾಡಷ್ಟೇ ಅಲ್ಲ, ಅವಳ ಕಣ್ಣೀರೂ ಹೌದು.

ಕನ್ನಡದಲ್ಲಿ ದೊರೆಯದ ಬಗೆಯ ಒಂದು ತಾಯಿಯ ಪಾತ್ರವು ಅವರಿಗೆ ನೆರೆಯ ತಮಿಳಿನಲ್ಲಿ ದೊರೆಯಿತು. 1977ರಲ್ಲಿ ಕೆ. ಬಾಲಚಂದರ್ ನಿರ್ದೇಶಿಸಿದ ‘ಅವರ್‌ಗಳ್’ ಚಿತ್ರದಲ್ಲಿ ಅವರು ಕ್ರೂರಿಯಾದ ಗಂಡನೊಬ್ಬನ ತಾಯಿ. ಆ ಗಂಡನಾಗಿ ರಜನೀಕಾಂತ್, ಹೆಂಡತಿಯಾಗಿ ಸುಜಾತಾ ಅಭಿನಯಿಸಿದರು. ಈ ಅತ್ತೆಯು ಮಗನನ್ನು ಸಮರ್ಥಿಸುವವಳಲ್ಲ. ಅವನಿಂದ ನೊಂದ ಸೊಸೆಯ ಮನೆಯಲ್ಲಿ ಕೆಲಸಕ್ಕೆ ನಿಂತು, ನಿಜವು ತಿಳಿದ ಮೇಲೆಯೂ ಸೊಸೆಯ ಪಕ್ಷವನ್ನೇ ಹಿಡಿದು, ಕೊನೆಗೆ ಅವಳೊಡನೆಯೇ ಹೊರಟುಹೋಗುವವಳು. ತಾಯ್ತನವೆಂದರೆ ರಕ್ತದ ಮೋಹವಷ್ಟೇ ಅಲ್ಲ, ನ್ಯಾಯದ ಅರಿವೂ ಹೌದೆಂಬ ಈ ಚಿತ್ರಣದಲ್ಲಿ ಲೀಲಾವತಿಯವರು ಅತಿಯಿಲ್ಲದೆ, ಆಡಂಬರವಿಲ್ಲದೆ, ಮನೆಯಲ್ಲಿ ಓಡಾಡುವ ಹೆಂಗಸಿನಂತೆಯೇ ಓಡಾಡಿದ್ದಾರೆ. ತಾಯಿಯ ಪಾತ್ರವು ತಾನಾಗಿಯೇ ಕಿರಿದಲ್ಲ; ಅದನ್ನು ಬರೆಯುವವರ ಮನಸ್ಸು ಕಿರಿದಾದಾಗ ಅದು ಕಿರಿದಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಬೇಕು. ವಯಸ್ಸಿಗೆ ತಕ್ಕಂತೆ, ಅಥವಾ ವಯಸ್ಸನ್ನು ಮೀರಿ, ಪಾತ್ರಗಳನ್ನು ಬದಲಿಸಿಕೊಳ್ಳುವುದು ನಟಧರ್ಮವೇ ಅಲ್ಲವೆ? ಎಳೆಯ ನಟಿಯು ಮುದುಕಿಯಾಗಿ ಕಾಣಿಸಿಕೊಳ್ಳುವುದು ಕಲೆಯ ಹೆಗ್ಗಳಿಕೆಯೇ ಹೊರತು ಕೊರತೆಯಲ್ಲವಲ್ಲ? ಎಂದು ಕೇಳುವವರುಂಟು. ಮಾತು ಸರಿಯೇ. ರಂಗಭೂಮಿಯಲ್ಲಿ ಹದಿನೆಂಟರ ಹುಡುಗಿ ಎಂಬತ್ತರ ಅಜ್ಜಿಯಾಗುವುದೂ, ಮರುರಾತ್ರಿ ಅವಳೇ ರಾಜಕುಮಾರಿಯಾಗುವುದೂ ವಾಡಿಕೆ. ಆದರೆ ರಂಗಭೂಮಿಯ ಆ ಹಾದಿಯು ಎರಡು ಕಡೆಗೂ ತೆರೆದಿತ್ತು; ಅಜ್ಜಿಯಾದವಳು ಮತ್ತೆ ರಾಜಕುಮಾರಿಯಾಗಬಹುದಾಗಿತ್ತು. ತೆರೆಯ ಹಾದಿಯು ಹೆಣ್ಣಿಗೆ ಒಂದೇ ಕಡೆಗೆ ತೆರೆದಿತ್ತು. ಒಮ್ಮೆ ತಾಯಿಯ ಪಟ್ಟಿಗೆ ಸೇರಿದವರು ಅಲ್ಲಿಂದ ಹೊರಬೀಳುವುದು ಬಲು ಅಪರೂಪ. ಲೀಲಾವತಿಯವರು ಅಭಿನಯಿಸಿದ ಚಿತ್ರಗಳನ್ನು ಆರುನೂರರಷ್ಟೆಂದು ಎಣಿಸುವುದು ವಾಡಿಕೆ. ಅದರಲ್ಲಿ ಬಹುಪಾಲು ಕನ್ನಡದ್ದು. ಆ ರಾಶಿಯಲ್ಲಿ ನಾಯಕಿಯ ಕಾಲಕ್ಕೆ ಸೇರಿದುದು ಒಂದು ಸಣ್ಣ ಭಾಗ ಮಾತ್ರ. ಮೂವತ್ತರಿಂದ ನಲವತ್ತೈದರವರೆಗಿನ ವಯಸ್ಸು ಹೆಣ್ಣಿನ ಬಾಳಿನಲ್ಲಿ ಅನುಭವವು ಹಣ್ಣಾಗುವ ಕಾಲ. ಆ ವಯಸ್ಸಿನ ಹೆಣ್ಣನ್ನು ಆ ವಯಸ್ಸಿನವಳಾಗಿಯೇ ಕಾಣಿಸುವ ಕಥೆಗಳನ್ನು ಕನ್ನಡ ಚಿತ್ರವು ಅವರಿಗಾಗಿ ಬರೆಯಲಿಲ್ಲ. ಈ ನಷ್ಟವು ಅವರದಕ್ಕಿಂತ ಹೆಚ್ಚಾಗಿ ಪ್ರೇಕ್ಷಕರದು.

ಅವರ ಸೋಲದೇವನಹಳ್ಳಿಯ ಬಾಳನ್ನು ಈ ಹಿನ್ನೆಲೆಯಲ್ಲಿ ನೋಡುವುದು ಯುಕ್ತ. ಕನ್ನಡ ಚಿತ್ರಗಳು ಬಹುಕಾಲ ಮದರಾಸಿನ ಸ್ಟುಡಿಯೋಗಳಲ್ಲಿಯೇ ತಯಾರಾಗುತ್ತಿದ್ದುದರಿಂದ ಆ ಪೀಳಿಗೆಯ ಕಲಾವಿದರು ಊರನ್ನು ಬಿಟ್ಟು ಅಲ್ಲಿ ನೆಲೆಸಿದ್ದರು. ಮರಳಿ ಬಂದು ಮಣ್ಣನ್ನು ನೆಚ್ಚಿ ಬಾಳಿದವರು ಕೆಲವರೇ. ಲೀಲಾವತಿಯವರೂ ಅವರ ಮಗ ನಟ ವಿನೋದ್ ರಾಜ್ ಅವರೂ ಇಲ್ಲಿ ಕೃಷಿಯನ್ನು ಕೈಗೊಂಡರು. ಸುತ್ತಿನ ಹಳ್ಳಿಗರಿಗಾಗಿ ಸ್ವಂತ ಖರ್ಚಿನಿಂದ ಆಸ್ಪತ್ರೆಯೊಂದನ್ನು ಕಟ್ಟಿಸಿದರು. ಅದು 2022ರಲ್ಲಿ ತೆರೆಯಿತು. 2023ರ ನವೆಂಬರಿನಲ್ಲಿ, ಅವರು ತೀರಿಕೊಳ್ಳುವುದಕ್ಕೆ ಕೆಲವೇ ದಿನಗಳ ಮೊದಲು, ಪಶುವೈದ್ಯ ಆಸ್ಪತ್ರೆಯೂ ತೆರೆಯಿತು. 1999–2000ನೆಯ ಸಾಲಿನ ಡಾ. ರಾಜ್‌ಕುಮಾರ್ ಪ್ರಶಸ್ತಿಯೂ 2008ರಲ್ಲಿ ತುಮಕೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟೂ ಅವರಿಗೆ ಸಂದಿದ್ದವು. ಆದರೆ ಹಳ್ಳಿಯ ಹೆಂಗಸರು ‘ಅಮ್ಮ’ ಎಂದು ಕರೆದುದು ಪ್ರಶಸ್ತಿಗಾಗಿಯಲ್ಲ, ತೆರೆಯ ಮೇಲಿನ ಪಾತ್ರಕ್ಕಾಗಿ ಮಾತ್ರವೂ ಅಲ್ಲ. ಆ ಕರೆಗೆ ಅವರು ಬೇರೆ ರೀತಿಯಿಂದ ಹಕ್ಕುಳ್ಳವರಾಗಿದ್ದರು.

ಹಾಗೆಂದು ಬಾಳಿನ ತಾಯಿಯನ್ನೂ ತೆರೆಯ ತಾಯಿಯನ್ನೂ ಒಂದೇ ಎಂದು ಬಗೆದು ಸುಮ್ಮನಾಗುವುದು ಸಲ್ಲದು. ಬಾಳಿನದು ಹೃದಯದ ಔದಾರ್ಯ. ತೆರೆಯದು ಕಲಿತ ವಿದ್ಯೆ. ‘ಆಕೆ ಸ್ವಭಾವದಿಂದಲೇ ತಾಯಿ, ಆದುದರಿಂದ ತಾಯಿಯ ಪಾತ್ರವು ಸಹಜವಾಗಿ ಬಂದಿತು’ ಎಂಬ ಹೊಗಳಿಕೆಯಲ್ಲಿ ಒಂದು ಅನ್ಯಾಯವಡಗಿದೆ. ಅದು ಕಂಪನಿಯ ವರ್ಷಗಳನ್ನೂ, ಸಖಿಯ ವೇಷದಲ್ಲಿ ನಿಂತು ಕೇಳಿದ ಸಂಜೆಗಳನ್ನೂ, ತಗ್ಗಿಸಲು ಕಲಿತ ಧ್ವನಿಯನ್ನೂ ಅಳಿಸಿಹಾಕುತ್ತದೆ. ಗಂಡು ನಟನ ಅಭಿನಯವನ್ನು ಸಾಧನೆಯೆಂದೂ ಹೆಣ್ಣು ನಟಿಯ ಅಭಿನಯವನ್ನು ಸ್ವಭಾವವೆಂದೂ ಕರೆಯುವ ರೂಢಿಯನ್ನು ಇನ್ನಾದರೂ ಬಿಡಬೇಕು.

ಈಗ ಪೀಣ್ಯದ ಕಾರ್ಖಾನೆಗಳಿಗೆ ದೂರದ ಊರುಗಳಿಂದ ಎಳೆಯ ಹೆಣ್ಣುಮಕ್ಕಳು ದುಡಿಯಲು ಬರುತ್ತಿದ್ದಾರೆ. ಓದು ಅರ್ಧಕ್ಕೆ ನಿಂತವರು, ಊರಿನ ಮಾತನ್ನು ಊರಿನಲ್ಲಿಯೇ ಬಿಟ್ಟು ಬಂದವರು ಅವರಲ್ಲಿ ಹಲವರು. ಬೆಳ್ತಂಗಡಿಯಿಂದ ಮೈಸೂರಿಗೆ ಬಂದ ಆ ತಬ್ಬಲಿ ಹುಡುಗಿಯ ಕಥೆಯು ಅವರಿಗೆ ದೂರದ್ದೆನಿಸಲಾರದು. ಜಿಲ್ಲೆಯ ಸಂಘಸಂಸ್ಥೆಗಳು ಲೀಲಾವತಿಯವರ ನೆನಪನ್ನು ಉಳಿಸಬಯಸಿದರೆ ಹಾರ ಹಾಕುವುದರ ಜೊತೆಗೆ ಇನ್ನೊಂದು ಕೆಲಸವನ್ನು ಮಾಡಬಹುದು: ‘ರಾಣಿ ಹೊನ್ನಮ್ಮ’, ‘ಕುಲವಧು’, ‘ಗೆಜ್ಜೆಪೂಜೆ’, ‘ಭಕ್ತ ಕುಂಬಾರ’, ಈ ನಾಲ್ಕನ್ನು ವರ್ಷಕ್ಕೊಮ್ಮೆ ಇದೇ ಕ್ರಮದಲ್ಲಿ ಸಾರ್ವಜನಿಕರಿಗೆ ತೋರಿಸಿ, ಅಭಿನಯವನ್ನು ಬಲ್ಲವರಿಂದ ಅದರ ಮೇಲೆ ಮಾತನಾಡಿಸುವುದು. ನಾಲ್ಕನ್ನೂ ಸಾಲಾಗಿ ನೋಡಿದವರಿಗೆ ಒಬ್ಬ ನಟಿಯು ಹದಿನಾಲ್ಕು ವರ್ಷಗಳಲ್ಲಿ ಎಷ್ಟು ದೂರ ನಡೆದಳೆಂಬುದೂ, ಅವಳನ್ನು ಎಲ್ಲಿ ತಡೆದು ನಿಲ್ಲಿಸಲಾಯಿತೆಂಬುದೂ ಯಾರೂ ಹೇಳದೆಯೇ ತಿಳಿದುಬರುವುದು.